ಕಬ್ಬನ್ ಪಾರ್ಕಿನ ಜೋಡಿ ಆಟ

ಬೆಂಗಳೂರಿನಲ್ಲಿ ಫೆಬ್ರವರಿ ಬಂದರೆ ರಸ್ತೆ ಬದಿಯ ತಬೇಬುಯಾ ಮರಗಳು ಎಲೆ ಉದುರಿಸಿ ಮೈತುಂಬ ಹಳದಿ ಹೂ ಹೊತ್ತು ನಿಲ್ಲುತ್ತವೆ. ಎಲ್ಲರೂ ಫೋನ್ ಎತ್ತಿ ಫೋಟೊ ತೆಗೀತಾರೆ. ಅದೇ ಹೊತ್ತಿಗೆ, ಈಚಿನ ವರ್ಷಗಳಲ್ಲಿ ಹೆಚ್ಚಾಗಿ ಅದೇ ತಿಂಗಳಲ್ಲಿ, ಕಬ್ಬನ್ ಪಾರ್ಕಿನ ಒಳಗೆ ಒಂದು ವಾರ ಟೆನಿಸ್ ನಡೆಯುತ್ತೆ. ಅದರ ಫೋಟೊ ತೆಗೆಯೋರು ಕಡಿಮೆ.

ಹೆಸರು ಬೆಂಗಳೂರು ಓಪನ್. ಜಾಗ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಗಳ, ಅಂದ್ರೆ ಎಲ್ಲರ ಬಾಯಲ್ಲಿ ಕೆಎಸ್‌ಎಲ್‌ಟಿಎ. ಸ್ವತಃ ಟೆನಿಸ್ ಆಡುತ್ತಿದ್ದ, ವರ್ಷಗಟ್ಟಲೆ ಈ ಸಂಸ್ಥೆಯ ಅಧ್ಯಕ್ಷರಾಗಿದ್ದ ಮಾಜಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರ ಹೆಸರನ್ನು ಈಗ ಕ್ರೀಡಾಂಗಣಕ್ಕೆ ಇಟ್ಟಿದ್ದಾರೆ. ಇದು ವಿಂಬಲ್ಡನ್ ಥರದ ಟೂರ್ನಿ ಅಲ್ಲ. ಅದಕ್ಕಿಂತ ಕೆಳಗಿನ ಮೆಟ್ಟಿಲು, ಚಾಲೆಂಜರ್ ದರ್ಜೆ. ಮೇಲಕ್ಕೆ ಏರುತ್ತಿರುವವರು, ಮೇಲಿಂದ ಇಳಿಯುತ್ತಿರುವವರು, ಎಷ್ಟೋ ವರ್ಷದಿಂದ ಇದೇ ಮೆಟ್ಟಿಲಲ್ಲಿ ನಿಂತವರು, ಮೂರೂ ಥರದವರು ಇಲ್ಲಿ ಒಂದೇ ಬೆಂಚಿನ ಮೇಲೆ ಕೂತು ಶೂ ಲೇಸ್ ಕಟ್ಟಿಕೊಳ್ತಿರ್ತಾರೆ.

ಈ ಬರಹ ಆ ವಾರದ ಸಿಂಗಲ್ಸ್ ಬಗ್ಗೆ ಅಲ್ಲ, ಡಬಲ್ಸ್ ಬಗ್ಗೆ. ಸಂಜೆ ಸಿಂಗಲ್ಸ್ ಮುಗಿದ ಕೂಡಲೇ ಅರ್ಧ ಜನ ಎದ್ದು ಪಾರ್ಕಿಂಗ್ ಕಡೆ ಹೊರಡ್ತಾರಲ್ಲ, ಅವರ ಹಿಂದೆ ಖಾಲಿ ಕುರ್ಚಿಗಳ ಮುಂದೆ ಶುರುವಾಗೋ ಆಟ ಅದು.

ಹೋಗೋದು ಹೇಗೆ, ಕೂರೋದು ಎಲ್ಲಿ

ನಮ್ಮ ಮೆಟ್ರೊ ನೇರಳೆ ಮಾರ್ಗದಲ್ಲಿ ಕಬ್ಬನ್ ಪಾರ್ಕ್ ಸ್ಟೇಷನ್‌ನಲ್ಲಿ ಇಳೀರಿ. ಪಾರ್ಕಿನ ಒಳಗಿಂದ ನಡೆದೇ ಹೋಗಬಹುದು. 1870ರಲ್ಲಿ ಆದ ಪಾರ್ಕು ಇದು. ದೊಡ್ಡ ಮಳೆಮರಗಳ ಕೆಳಗೆ ನಡೀತಾ ಇದ್ರೆ ಟ್ರಾಫಿಕ್ ಸದ್ದು ಹಿಂದೆ ಉಳಿಯುತ್ತೆ, ಸ್ವಲ್ಪ ಹೊತ್ತಿಗೆ ಎಲೆಗಳ ಸಂದಿಯಿಂದ ಫ್ಲಡ್‌ಲೈಟ್ ಕಂಬಗಳು ಕಾಣುತ್ತವೆ, ಆಮೇಲೆ ‘ಟಪ್, ಟಪ್’ ಅನ್ನೋ ಸದ್ದು. ಕಾರು ತರೋ ಯೋಚನೆ ಬಿಟ್ಟುಬಿಡಿ. ಭಾನುವಾರ ಪಾರ್ಕಿನೊಳಗೆ ವಾಹನ ಬಿಡೋದೂ ಇಲ್ಲ.

ಒಳಗೆ ಹೋದಮೇಲೆ ಸೆಂಟರ್ ಕೋರ್ಟಿಗೆ ನೇರ ನುಗ್ಗಬೇಡಿ. ವಾರದ ಮೊದಲ ಮೂರು ದಿನ ನಿಜವಾದ ಮಜಾ ಇರೋದು ಪಕ್ಕದ ಸಣ್ಣ ಕೋರ್ಟುಗಳಲ್ಲಿ. ಅಲ್ಲಿ ಆಟಗಾರರಿಗೂ ನಮಗೂ ನಡುವೆ ಒಂದು ತಂತಿ ಬೇಲಿ ಅಷ್ಟೇ. ಸರ್ವ್‌ಗೆ ಮುಂಚೆ ಇಬ್ಬರೂ ಪಿಸುಗುಟ್ಟೋದು ಕೇಳುತ್ತೆ. ತಪ್ಪು ಹೊಡೆತಕ್ಕೆ ಯಾವ ಭಾಷೆಯಲ್ಲಿ ಬೈದುಕೊಂಡರು ಅನ್ನೋದೂ ಕೇಳುತ್ತೆ.

ಡಬಲ್ಸ್ ನೋಡಬೇಕಾದ್ರೆ ಪಕ್ಕದಲ್ಲಿ ಕೂರಬೇಡಿ, ಕೋರ್ಟಿನ ಹಿಂಭಾಗದಲ್ಲಿ ಕೂತ್ಕೊಳ್ಳಿ. ಪಕ್ಕದಿಂದ ಚೆಂಡು ಕಾಣುತ್ತೆ, ಹಿಂದಿನಿಂದ ಯೋಜನೆ ಕಾಣುತ್ತೆ.

ನಾಲ್ಕೂವರೆ ಅಡಿಯ ವ್ಯತ್ಯಾಸ

ಟೆನಿಸ್ ಕೋರ್ಟಿನ ಉದ್ದ 78 ಅಡಿ. ಸಿಂಗಲ್ಸ್‌ಗೆ ಅಗಲ 27 ಅಡಿ, ಡಬಲ್ಸ್‌ಗೆ 36 ಅಡಿ. ಎರಡೂ ಬದಿಗೆ ತಲಾ ನಾಲ್ಕೂವರೆ ಅಡಿಯ ಪಟ್ಟಿ ಸೇರುತ್ತೆ. ಜನ ಎರಡು ಪಟ್ಟಾದರು, ಜಾಗ ಮಾತ್ರ ಮೂರನೇ ಒಂದು ಪಾಲು ಹೆಚ್ಚಾಯ್ತು. ಹಾಗಾಗಿ ಡಬಲ್ಸ್‌ನಲ್ಲಿ ಖಾಲಿ ಜಾಗ ಕಡಿಮೆ. ಇರೋ ಖಾಲಿ ಜಾಗವನ್ನು ಹುಡುಕಬೇಕು, ಇಲ್ಲಾಂದ್ರೆ ಎದುರಾಳಿಯನ್ನು ಮೋಸಗೊಳಿಸಿ ಸೃಷ್ಟಿಸಬೇಕು.

ಒಬ್ಬ ಸರ್ವ್ ಮಾಡ್ತಾನೆ, ಜೊತೆಗಾರ ನೆಟ್ ಹತ್ತಿರ ಬೆನ್ನು ತೋರಿಸಿ ನಿಂತಿರ್ತಾನೆ. ಅವನ ಕೈ ನೋಡಿ. ಬೆನ್ನ ಹಿಂದೆ ಬೆರಳು ಆಡ್ತಿರುತ್ತೆ: ಸರ್ವ್ ಎಲ್ಲಿಗೆ, ಹೊಡೆದ ಮೇಲೆ ನಾನು ಆ ಕಡೆ ಹಾರ್ತೀನಾ, ಇಲ್ಲೇ ನಿಲ್ತೀನಾ ಅನ್ನೋ ಸನ್ನೆ. ಕೆಲವು ಸಲ ನೆಟ್ ನಡುವೆ, ಸರ್ವ್ ಮಾಡುವವನ ನೇರಕ್ಕೇ ಮಂಡಿಯೂರಿ ಕೂತುಬಿಡ್ತಾನೆ. ಅದಕ್ಕೆ ‘ಐ ಫಾರ್ಮೇಷನ್’ ಅಂತಾರೆ. ಸರ್ವ್ ತಲೆ ಮೇಲಿಂದ ಹೋದ ಕ್ಷಣ ಎದ್ದು ಎಡಕ್ಕೋ ಬಲಕ್ಕೋ ನೆಗೀತಾನೆ. ಯಾವ ಕಡೆ ಅಂತ ಗೊತ್ತಿರೋದು ಇಬ್ಬರಿಗೆ ಮಾತ್ರ. ಎದುರಿನವನು ಗಂಟೆಗೆ 200 ಕಿ.ಮೀ. ಹತ್ತಿರದ ಚೆಂಡನ್ನೂ ನೋಡಬೇಕು, ಈ ನೆಗೆಯುವವನನ್ನೂ ನೋಡಬೇಕು. ಅರೆಕ್ಷಣದ ಕೆಲಸ.

ಲೆಕ್ಕವೂ ಬೇರೆ. 2006ರಿಂದ ಎಟಿಪಿ ಡಬಲ್ಸ್‌ನಲ್ಲಿ ‘ಡ್ಯೂಸ್, ಅಡ್ವಾಂಟೇಜ್’ ಅನ್ನೋ ಎಳೆದಾಟ ಇಲ್ಲ. 40-40 ಆದ್ರೆ ಒಂದೇ ಪಾಯಿಂಟ್, ಗೆದ್ದವರಿಗೆ ಗೇಮ್. ಆ ಸರ್ವ್ ಯಾರು ಎದುರಿಸಬೇಕು ಅಂತ ಎದುರಾಳಿ ಜೋಡಿಯೇ ತೀರ್ಮಾನಿಸುತ್ತೆ. ಸೆಟ್ 1-1 ಆದ್ರೆ ಮೂರನೇ ಸೆಟ್ ಬದಲು 10 ಪಾಯಿಂಟ್‌ಗಳ ಟೈಬ್ರೇಕ್. ಪಂದ್ಯ ಬಹುತೇಕ ಒಂದೂವರೆ ಗಂಟೆ ಒಳಗೆ ಮುಗಿಯುತ್ತೆ. ಆಫೀಸ್ ಮುಗಿಸಿ ಬಂದು ನೋಡಿ, ಕೊನೇ ಮೆಟ್ರೊ ಹಿಡಿದು ಮನೆ ಸೇರೋರಿಗೆ ಹೇಳಿ ಮಾಡಿಸಿದ ಆಟ.

ಇದೇ ಅಂಗಳದಲ್ಲಿ

ಡಬಲ್ಸ್ ಮಟ್ಟಿಗೆ ಈ ಅಂಗಳದ ಚರಿತ್ರೆ ಸಣ್ಣದಲ್ಲ. ವರ್ಷದ ಅತ್ಯುತ್ತಮ ಜೋಡಿಗಳಷ್ಟೇ ಆಡುವ ವಿಶ್ವ ಡಬಲ್ಸ್ ಚಾಂಪಿಯನ್‌ಷಿಪ್ ಅಂತ ಒಂದಿತ್ತು. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್, ಅಮೆರಿಕದ ಹಾರ್ಟ್‌ಫರ್ಡ್ ಅಂತೆಲ್ಲ ಸುತ್ತಿ ಅದು 2000ದಲ್ಲಿ ಬೆಂಗಳೂರಿಗೆ ಬಂತು. ಫೈನಲ್‌ನಲ್ಲಿ ಮಹೇಶ್ ಭೂಪತಿ–ಲಿಯಾಂಡರ್ ಪೇಸ್. ಅದಕ್ಕೂ ಹಿಂದಿನ ವರ್ಷ, 1999ರಲ್ಲಿ, ಫ್ರೆಂಚ್ ಓಪನ್ನೂ ವಿಂಬಲ್ಡನ್ನೂ ಗೆದ್ದಿದ್ದ ಜೋಡಿ. ಊರೇ ಗೆಲುವಿಗೆ ಕಾದಿತ್ತು. ಅಮೆರಿಕದ ಡೊನಾಲ್ಡ್ ಜಾನ್ಸನ್ ಮತ್ತು ದಕ್ಷಿಣ ಆಫ್ರಿಕಾದ ಪೀಟ್ ನಾರ್ವಲ್ ಮೂರೂ ಸೆಟ್ ಗೆದ್ದುಕೊಂಡು ಹೋದರು. 2001ರ ಆವೃತ್ತಿಯೂ ಇಲ್ಲಿಗೇ ಬಂತು. ಎಲಿಸ್ ಫೆರೇರಾ–ರಿಕ್ ಲೀಚ್ ಗೆದ್ದರು. ಅಲ್ಲಿಗೆ ಡಬಲ್ಸ್‌ಗೇ ಅಂತ ಇದ್ದ ಪ್ರತ್ಯೇಕ ವರ್ಷಾಂತ್ಯದ ಟೂರ್ನಿಯ ಕಥೆ ಮುಗೀತು. 2003ರಿಂದ ಅದನ್ನು ಸಿಂಗಲ್ಸ್ ಜೊತೆಗೇ ಸೇರಿಸಿ ಆಡಿಸ್ತಿದ್ದಾರೆ.

2014ರ ಸೆಪ್ಟೆಂಬರ್ 13. ಡೇವಿಸ್ ಕಪ್, ಎದುರಾಳಿ ಸರ್ಬಿಯಾ. ಭಾರತ 0-2 ಹಿಂದೆ. ಪೇಸ್–ರೋಹನ್ ಬೋಪಣ್ಣ ಡಬಲ್ಸ್‌ಗೆ ಇಳಿದು ಮೊದಲ ಎರಡು ಸೆಟ್ ಸೋತರು. ಮೊದಲನೇದು 1-6. ಅಲ್ಲಿಂದ ಎದ್ದು ಬಂದು 6-3, 6-3, ಕೊನೇ ಸೆಟ್ 8-6. ಎದುರಿಗಿದ್ದ ನೆನಾದ್ ಜಿಮೊಂಜಿಚ್ ಡಬಲ್ಸ್‌ನಲ್ಲಿ ಹಿಂದೆ ವಿಶ್ವದ ನಂಬರ್ 1 ಆಗಿದ್ದವರು. ಕೊನೆಗೆ ಸರಣಿ ಭಾರತದ ಕೈತಪ್ಪಿತು, 2-3. ಆದರೂ ಆ ಶನಿವಾರ ಅಲ್ಲಿದ್ದವರು ಇವತ್ತಿಗೂ ಅದನ್ನೇ ಹೇಳ್ತಾರೆ.

2020ರ ಫೆಬ್ರವರಿಯಲ್ಲಿ 46 ವರ್ಷದ ಪೇಸ್ ಬೆಂಗಳೂರು ಓಪನ್‌ಗೆ ಬಂದರು. ಅದೇ ನನ್ನ ಕೊನೇ ವರ್ಷ ಅಂತ ಮೊದಲೇ ಘೋಷಿಸಿದ್ದರು. ಭಾರತದ ನೆಲದಲ್ಲಿ ಅವರ ಕೊನೆಯ ಟೂರ್ನಿ ಇದೇ. ಜೊತೆಗಾರ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್. ಜೋಡಿ ಫೈನಲ್ ತನಕ ಬಂತು. ಅಲ್ಲಿ ಪುರವ್ ರಾಜಾ–ರಾಮ್‌ಕುಮಾರ್ ರಾಮನಾಥನ್ 6-0, 6-3ರಲ್ಲಿ ಗೆದ್ದರು. ಸಿನಿಮಾ ಆಗಿದ್ರೆ ಕ್ಲೈಮ್ಯಾಕ್ಸ್ ಬದಲಾಯಿಸ್ತಿದ್ದರು. ಇಲ್ಲಿ ಯಾರೂ ದಾರಿ ಬಿಡಲಿಲ್ಲ. ಮುಂದಿನ ತಿಂಗಳು ಕೊರೊನಾ ಬಂದು ಎಲ್ಲ ಕೋರ್ಟುಗಳಿಗೂ ಬೀಗ ಬಿತ್ತು.

ಆ ದಿನ ಪೇಸ್ ಪಕ್ಕ ನಿಂತು ಸೋತ ಎಬ್ಡೆನ್ ಹೆಸರು ನೆನಪಿಟ್ಟುಕೊಳ್ಳಿ.

ಮಾದಾಪುರದ ಹುಡುಗ

ರೋಹನ್ ಬೋಪಣ್ಣ ಬೆಳೆದದ್ದು ಕೊಡಗಿನ ಮಾದಾಪುರದಲ್ಲಿ. ಅಪ್ಪ ಕಾಫಿ ಬೆಳೆಗಾರರು. ಕೊಡಗು ಅಂದ್ರೆ ಹಾಕಿ ಅನ್ನೋ ನಾಡಿನಲ್ಲಿ ಟೆನಿಸ್ ಹಿಡಿದು, ತರಬೇತಿಗೆ ಪುಣೆಗೆ ಹೋದವರು. ಸಿಂಗಲ್ಸ್‌ನಲ್ಲಿ ದೊಡ್ಡದಾಗಿ ಏನೂ ಕೈಗೂಡಲಿಲ್ಲ, ಡಬಲ್ಸ್‌ಗೆ ನಿಂತರು. 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಅಮೆರಿಕ ಓಪನ್ ಫೈನಲ್. ಬ್ರಯಾನ್ ಸಹೋದರರ ಎದುರು ಎರಡೂ ಸೆಟ್ ಟೈಬ್ರೇಕ್‌ನಲ್ಲಿ ಸೋಲು. 2017ರಲ್ಲಿ ಗ್ಯಾಬ್ರಿಯೆಲಾ ಡಬ್ರೋವ್‌ಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದರು. ಪುರುಷರ ಡಬಲ್ಸ್‌ನಲ್ಲಿ ಮಾತ್ರ ಗ್ರ್ಯಾಂಡ್‌ಸ್ಲಾಮ್ ಇಲ್ಲ.

ಮಂಡಿಯ ಮೃದ್ವಸ್ಥಿ ಸವೆದಿತ್ತು. ಅಯ್ಯಂಗಾರ್ ಯೋಗ ಹಿಡಿದರು. 2021ರ ಆರಂಭದಲ್ಲಿ ತಿಂಗಳುಗಟ್ಟಲೆ ಒಂದೂ ಪಂದ್ಯ ಗೆಲ್ಲದೆ, ಯಾಕೆ ಇನ್ನೂ ಆಡ್ತಿದ್ದೀನಿ ಅಂತ ತಮ್ಮನ್ನೇ ಕೇಳಿಕೊಂಡಿದ್ದಾಗಿ ಅವರೇ ಆಮೇಲೆ ಹೇಳಿದ್ದಾರೆ. 2023ರಲ್ಲಿ ಹೊಸ ಜೊತೆಗಾರ ಸಿಕ್ಕ. ಅದೇ ಎಬ್ಡೆನ್.

2024ರ ಜನವರಿ 27, ಮೆಲ್ಬರ್ನ್. ಇಟಲಿಯ ಬೊಲೆಲ್ಲಿ–ವವಾಸ್ಸೊರಿ ಎದುರು 7-6, 7-5. ಬೋಪಣ್ಣನಿಗೆ 43 ವರ್ಷ. ಗ್ರ್ಯಾಂಡ್‌ಸ್ಲಾಮ್ ಗೆದ್ದ ಪುರುಷರಲ್ಲಿ ಓಪನ್ ಯುಗದ ಅತಿ ಹಿರಿಯ; ಅದರ ಬೆನ್ನಿಗೇ ಡಬಲ್ಸ್‌ನಲ್ಲಿ ಮೊದಲ ಬಾರಿಗೆ ವಿಶ್ವದ ನಂಬರ್ 1. ಪುರುಷರ ಡಬಲ್ಸ್ ಗ್ರ್ಯಾಂಡ್‌ಸ್ಲಾಮ್‌ಗಾಗಿ 60 ದಾಟಿದ ಪ್ರಯತ್ನ, ಒಟ್ಟು 19 ಜೊತೆಗಾರರು. ಆ ಹತ್ತೊಂಬತ್ತನೇ ಜೊತೆಗಾರ ನಾಲ್ಕು ವರ್ಷ ಮುಂಚೆ ಕಬ್ಬನ್ ಪಾರ್ಕಿನಲ್ಲಿ 0-6, 3-6ಕ್ಕೆ ಸೋತು ಬ್ಯಾಗ್ ಹೆಗಲಿಗೇರಿಸಿಕೊಂಡು ಹೋದವನು.

ಬೋಪಣ್ಣ ಗೆದ್ದು ಎರಡು ವಾರ ಕಳೆದ ಮೇಲೆ ಬೆಂಗಳೂರು ಓಪನ್ ಶುರುವಾಯ್ತು. ಆ ವಾರ ನಾನು ಎರಡು ಸಲ ಹೋದೆ. ಒಂದು ಸಲ ಒಬ್ಬನೇ, ಶನಿವಾರದ ಫೈನಲ್‌ಗೆ. ಅದಕ್ಕೆ ಮುಂಚೆ ಬುಧವಾರ ಜೊತೆಗೆ ದೊಡ್ಡಪ್ಪ ಇದ್ದರು.

ಸೊಕ್ಕೆಯಿಂದ ಬಂದವರು

ನಮ್ಮೂರು ಸೊಕ್ಕೆ, ದಾವಣಗೆರೆ ಜಿಲ್ಲೆ ಜಗಳೂರು ತಾಲ್ಲೂಕು. ಜಗಳೂರಿನ ಹೆಸರು ಪೇಪರಿನಲ್ಲಿ ಬರೋದು ಒಂದೋ ಬರಕ್ಕೆ, ಇಲ್ಲಾಂದ್ರೆ ರಂಗಯ್ಯನದುರ್ಗದ ಕೊಂಡುಕುರಿ ಅಭಯಾರಣ್ಯಕ್ಕೆ. ಮೆಕ್ಕೆಜೋಳ, ಶೇಂಗಾ, ಈರುಳ್ಳಿ. ಎಲ್ಲಾ ಮಳೆ ನಂಬಿದ ಬೆಳೆ. ಊರಲ್ಲಿ ಆಟ ಅಂದ್ರೆ ಕಬಡ್ಡಿ, ಖೋಖೋ, ಸಂಜೆ ವಾಲಿಬಾಲ್. ಬ್ಯಾಟು ಹಿಡಿದು ಬಲೆ ದಾಟಿಸೋ ಆಟ ಅಂದ್ರೆ ಉಣ್ಣೆ ಚೆಂಡಿನ ಬಾಲ್ ಬ್ಯಾಡ್ಮಿಂಟನ್. ಟೆನಿಸ್ ಚೆಂಡು ಗೊತ್ತಿತ್ತು, ಕ್ರಿಕೆಟ್ ಆಡೋಕೆ.

2023 ಮಳೆ ಕೈಕೊಟ್ಟ ವರ್ಷ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಗಿತ್ತು. ಅಪ್ಪ, ದೊಡ್ಡಪ್ಪ ಮೂವತ್ತು ವರ್ಷದಿಂದ ಜಂಟಿಯಾಗಿ ಬೇಸಾಯ ಮಾಡ್ತಿದ್ದ ಹೊಲದ ಎರಡು ಬೋರ್‌ಗಳಲ್ಲಿ ಒಂದು ನವೆಂಬರಿಗೇ ನಿಂತಿತ್ತು. ದೊಡ್ಡಪ್ಪ ಜಗಳೂರಿಗೆ ಬಂದು, ಚಿತ್ರದುರ್ಗದಲ್ಲಿ ಬಸ್ ಬದಲಿಸಿ ಬೆಂಗಳೂರಿಗೆ ಬಂದಿದ್ದು ಊರು ನೋಡೋಕಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಪಹಣಿ, ಸರ್ವೆ ನಕ್ಷೆ ಎಲ್ಲ ಮಡಚಿ ತಂದಿದ್ದರು. ಭಾಗ ಮಾಡಿಕೊಳ್ಳೋಣ ಅನ್ನೋ ಮಾತನ್ನು ತಮ್ಮನಿಗೆ ನೇರ ಹೇಳಲಾಗದೆ, ತಮ್ಮನ ಮಗನ ಹತ್ತಿರ ಹೇಳೋಕೆ ಬಂದಿದ್ದರು.

ಬೆಳಗ್ಗೆಯೆಲ್ಲ ಮನೆಯಲ್ಲಿ ಅದೇ ಮಾತು. ಮಧ್ಯಾಹ್ನದ ಹೊತ್ತಿಗೆ ಹೇಳೋದು ಮುಗಿದು, ಕೂತಲ್ಲೇ ಕೂತರು. ರಾತ್ರಿ ಬಸ್ಸಿಗೆ ಇನ್ನೂ ಹೊತ್ತಿತ್ತು. “ನಡೀರಿ ದೊಡ್ಡಪ್ಪ, ಒಂದು ಆಟ ನೋಡ್ಕೊಂಡು ಬರೋಣ” ಅಂದೆ.

ಸಣ್ಣ ಕೋರ್ಟು. ಮೊದಲ ಸುತ್ತಿನ ಡಬಲ್ಸ್. ಒಂದು ಕಡೆ ನಮ್ಮ ದೇಶದ ಇಬ್ಬರು, ಇನ್ನೊಂದು ಕಡೆ ಬೇರೆ ಬೇರೆ ದೇಶದ ಇಬ್ಬರು. ಬೇಲಿ ಹಿಂದೆ ಹತ್ತು ಹನ್ನೆರಡು ಜನ ಇದ್ದರೆ ಹೆಚ್ಚು.

“ಅಣ್ತಮ್ಮರೇನಪಾ ಇವ್ರು?” ದೊಡ್ಡಪ್ಪ ಕೇಳಿದರು.

“ಅಲ್ಲ. ಈ ವಾರಕ್ಕೆ ಜೋಡಿ. ಮುಂದಿನ ವಾರ ಇನ್ಯಾರ ಜೊತೆಗೋ ಆಡ್ತಾರೆ.”

“ವಾರಕ್ಕೊಂದು ಜೋಡಿನಾ! ಹಂಗಾರೆ ಎತ್ತು ಹೊಂದೋದು ಹೆಂಗೆ?”

ಜೋಡಿ ಎತ್ತು ಹೂಡಿದವರಿಗೆ ಆ ಪ್ರಶ್ನೆ ಸಹಜ. ಎಡಕ್ಕೆ ಕಟ್ಟುವ ಎತ್ತನ್ನು ಬಲಕ್ಕೆ ಕಟ್ಟಿದರೆ ನೇಗಿಲು ಸಾಲು ತಪ್ಪುತ್ತೆ. ಒಂದು ಚುರುಕು, ಇನ್ನೊಂದು ನಿಧಾನ ಆದ್ರೆ ಚುರುಕಿನದಕ್ಕೇ ಹೆಗಲು ಹುಣ್ಣು. ಡಬಲ್ಸ್‌ನಲ್ಲೂ ಎಡ–ಬಲ ಅಂತ ಇದೆ. ಯಾರು ಯಾವ ಬದಿಯಲ್ಲಿ ರಿಟರ್ನ್ ಮಾಡೋದು ಅಂತ ಪ್ರತಿ ಸೆಟ್ ಶುರುವಾಗೋ ಮುಂಚೆ ತೀರ್ಮಾನ ಆಗಬೇಕು, ಆ ಸೆಟ್ ಮುಗಿಯೋ ತನಕ ಬದಲಿಸೋ ಹಾಗಿಲ್ಲ. ಇದನ್ನು ಹೇಳಿದಾಗ ದೊಡ್ಡಪ್ಪ ಮುಂದಕ್ಕೆ ಬಾಗಿ ಕೂತರು. ಲೆಕ್ಕ ಅವರಿಗೆ ಬೇಕಿರಲಿಲ್ಲ. ಯಾರು ಯಾರಿಗೆ ಏನು ಹೇಳ್ತಿದ್ದಾರೆ ಅನ್ನೋದನ್ನೇ ನೋಡ್ತಿದ್ದರು.

ಸ್ವಲ್ಪ ಹೊತ್ತಾದ ಮೇಲೆ ಕೇಳಿದರು: “ಪಾಯಿಂಟ್ ಸೋತರೂ ಕೈ ತಟ್ತಾರಲ್ಲಪಾ, ಯಾಕೆ?”

ನಿಜ. ಡಬಲ್ಸ್‌ನಲ್ಲಿ ಪ್ರತಿ ಪಾಯಿಂಟ್ ಆದ ಮೇಲೂ ಇಬ್ಬರೂ ಹತ್ತಿರ ಬಂದು ಕೈ ತಟ್ಟಿ ಹೋಗ್ತಾರೆ. ಗೆದ್ದರೂ ಸೋತರೂ. ಜೊತೆಗಾರ ಸುಲಭದ ವಾಲಿಯನ್ನು ನೆಟ್‌ಗೆ ಹೊಡೆದಿದ್ದರೂ ಸರಿ. ಅದು ಸೌಜನ್ಯ ಮಾತ್ರ ಅಲ್ಲ, ಕೆಲಸದ ಭಾಗ. ಹತ್ತಿರ ಬಂದಾಗಲೇ ಮುಂದಿನ ಪಾಯಿಂಟಿನ ಯೋಜನೆ ಆಗಬೇಕು. ಮುನಿಸಿಕೊಂಡು ದೂರ ನಿಂತರೆ ಯೋಜನೆಯೇ ಇರಲ್ಲ. ಎದುರಿನವರು ಅದನ್ನೇ ಕಾಯ್ತಿರ್ತಾರೆ. ಮಾತು ನಿಂತ ಜೋಡಿಯ ನಡುವೆಯೇ ಚೆಂಡು ಹೊಡೀತಾರೆ. ನಡುವೆ ಬಂದ ಚೆಂಡು ಯಾರದ್ದು ಅನ್ನೋ ಅನುಮಾನದಲ್ಲಿ ಇಬ್ಬರೂ ನಿಂತುಬಿಡ್ತಾರೆ.

ಇಷ್ಟು ವಿವರಿಸಿದೆ. ದೊಡ್ಡಪ್ಪ ಸುಮ್ಮನೆ ಕೇಳಿದರು. ಆಮೇಲೆ ಕೋರ್ಟ್ ಕಡೆ ನೋಡ್ತಾನೇ ಹೇಳಿದರು: “ನಿಮ್ಮಪ್ಪ, ನಾನು, ಬೆಳೆ ಬಂದ ವರ್ಷ ದಿನಾ ಮಾತಾಡ್ತಿದ್ವಿ. ಬೋರು ನಿಂತ ಮ್ಯಾಲೆ ಮಾತು ಕಡಿಮಿ ಆತು. ಬೈದಾಡಿಲ್ಲ, ಜಗಳಾಡಿಲ್ಲ. ಸುಮ್ಕೆ ಮಾತು ಕಡಿಮಿ ಆತು.”

ನಾನೇನೂ ಹೇಳಲಿಲ್ಲ. ಪಂದ್ಯ 10 ಪಾಯಿಂಟಿನ ಟೈಬ್ರೇಕ್‌ಗೆ ಹೋಯ್ತು. ನಮ್ಮವರು ಸೋತರು. ಸೋತ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು, ಒಬ್ಬನ ಬಾಟಲಿಯಿಂದ ಇನ್ನೊಬ್ಬ ನೀರು ಕುಡಿದು, ತುಂಬ ಹೊತ್ತು ಏನೋ ಮಾತಾಡ್ತಿದ್ದರು. ದೊಡ್ಡಪ್ಪ ಅವರು ಎದ್ದು ಹೋಗೋ ತನಕ ಏಳಲಿಲ್ಲ.

ಆ ವರ್ಷ ಯುಗಾದಿ ಆದ ಮೇಲೆ ಹೊಲ ಭಾಗ ಆಯ್ತು. ಉಳಿದ ಒಂದು ಬೋರ್ ಮಾತ್ರ ಜಂಟಿ. ದಿನ ಬಿಟ್ಟು ದಿನ ಪಾಳಿ. ಮೋಟಾರು ಹಾಕೋಕೆ ಹೋದಾಗ ಇಬ್ಬರೂ ಮಾತಾಡಲೇಬೇಕು. ಟೆನಿಸ್ ನೋಡಿದ್ದಕ್ಕೆ ಹೀಗಾಯ್ತು ಅಂತ ನಾನು ಹೇಳಲ್ಲ. ಭಾಗ ಆಗೋದು ಮೊದಲೇ ತೀರ್ಮಾನ ಆಗಿತ್ತು. ಬೋರ್ ಜಂಟಿಯಾಗಿರಲಿ ಅಂದಿದ್ದು ಮಾತ್ರ ದೊಡ್ಡಪ್ಪ.

ಶನಿವಾರದ ಫೈನಲ್

ಆ ಶನಿವಾರದ ಫೈನಲ್ ಸಾಕೇತ್ ಮೈನೇನಿ–ರಾಮ್‌ಕುಮಾರ್ ರಾಮನಾಥನ್ ಮತ್ತು ಫ್ರಾನ್ಸಿನ ಮ್ಯಾಕ್ಸಿಮ್ ಜಾನ್‌ವಿಯೆ–ಕಾನ್ಸ್ಟಾಂಟಿನ್ ಬಿಟ್ಟೂನ್ ಕುಜ್ಮಿನ್ ನಡುವೆ. ಸಾಕೇತ್ ಆಂಧ್ರದವರು, ಆಗ 36 ವರ್ಷ. ರಾಮ್‌ಕುಮಾರ್ ಚೆನ್ನೈನವರು, ಏಳು ವರ್ಷ ಚಿಕ್ಕವರು. 2020ರಲ್ಲಿ ಪೇಸ್ ಅವರನ್ನು ಸೋಲಿಸಿದ ಜೋಡಿಯಲ್ಲಿದ್ದವರು ಇವರೇ. ಇಬ್ಬರೂ ಎತ್ತರ, ಇಬ್ಬರದ್ದೂ ಭಾರಿ ಸರ್ವ್. 2022ರಲ್ಲಿ ಇಲ್ಲಿ ಬೆನ್ನುಬೆನ್ನಿಗೆ ಎರಡು ಟೂರ್ನಿ ನಡೆದಾಗ ಒಂದನ್ನು ಗೆದ್ದು, ಇನ್ನೊಂದರ ಫೈನಲ್‌ನಲ್ಲಿ ಸೋತಿದ್ದರು. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದ ಜೋಡಿ. ಈ ಸಲ 6-3, 6-4.

ವಾರಕ್ಕೊಂದು ಜೋಡಿ ಆಗೋ ಲೋಕದಲ್ಲಿ ಇವರು ಮತ್ತೆ ಮತ್ತೆ ಒಟ್ಟಿಗೆ ಬರೋದು ಆಟದಲ್ಲಿ ಕಾಣುತ್ತೆ. ಮಾತು ಕಡಿಮೆ, ಬೆರಳ ಸನ್ನೆ ಇನ್ನೂ ಕಡಿಮೆ. ಒಬ್ಬ ನೆಟ್ ಕಡೆ ನುಗ್ಗಿದರೆ ಇನ್ನೊಬ್ಬ ಹಿಂದೆ ತಿರುಗಿ ನೋಡದೇ ಖಾಲಿಯಾದ ಜಾಗಕ್ಕೆ ಹೋಗಿ ನಿಂತಿರ್ತಾನೆ.

ಯಾರಿಗೆ ಬೇಕು ಈ ಆಟ?

ಇದು ಡಬಲ್ಸ್ ಆಟಗಾರರನ್ನು ಕಾಡೋ ಪ್ರಶ್ನೆ. ಚಾಲೆಂಜರ್ ಟೂರ್ನಿಯ ಒಟ್ಟು ಬಹುಮಾನದಲ್ಲಿ ದೊಡ್ಡ ಪಾಲು ಸಿಂಗಲ್ಸ್‌ಗೆ. ಡಬಲ್ಸ್‌ಗೆ ಉಳಿದದ್ದರಲ್ಲಿ ಬಂದದ್ದನ್ನು ಇಬ್ಬರು ಹಂಚಿಕೊಳ್ಳಬೇಕು. ವಿಮಾನದ ಟಿಕೆಟ್ ಮಾತ್ರ ಇಬ್ಬರಿಗೂ ಪೂರ್ತಿ ಪೂರ್ತಿ. ಇಲ್ಲಿ ಡ್ರಾ ಬರೀ 16 ಜೋಡಿಗಳದ್ದು. ಇಬ್ಬರ ರ‍್ಯಾಂಕಿಂಗ್ ಕೂಡಿಸಿ ಪ್ರವೇಶ ಕೊಡೋದ್ರಿಂದ, ಮುಂದಿನ ವಾರಕ್ಕೆ ಜೊತೆಗಾರನನ್ನು ಹುಡುಕೋದೇ ಒಂದು ಕೆಲಸ. ನೀನು ಯಾರ ಜೊತೆ ಆಡ್ತಿದ್ದೀಯ ಅಂತ ಮೆಸೇಜ್ ಹಾಕಿ, ಉತ್ತರಕ್ಕೆ ಕಾಯೋದು. ಹೊಸ ಪ್ರಾಜೆಕ್ಟ್ ಹುಡುಕುತ್ತ ಬೆಂಚ್ ಮೇಲೆ ಕೂತವರಿಗೆ ಈ ಕಾಯುವಿಕೆ ಚೆನ್ನಾಗಿ ಗೊತ್ತಿರುತ್ತೆ.

ಮೇಲಿನ ಮಟ್ಟದಲ್ಲೂ ಎಳೆದಾಟ ಇದೆ. ಟಿಕೆಟ್ ಮಾರೋದು ಸಿಂಗಲ್ಸ್ ತಾರೆಯರು, ಡಬಲ್ಸ್‌ಗೂ ಅವರನ್ನೇ ತನ್ನಿ ಅನ್ನೋ ವಾದ ಹಳೇದು. 2025ರಲ್ಲಿ ಅಮೆರಿಕ ಓಪನ್ ಮಿಶ್ರ ಡಬಲ್ಸನ್ನು 16 ಜೋಡಿಗಳಿಗೆ ಇಳಿಸಿ, ಟೂರ್ನಿಗೆ ಮುಂಚೆಯೇ ಆಡಿಸಿ, ಸಿಂಗಲ್ಸ್ ತಾರೆಯರಿಗೆ ಮಣೆ ಹಾಕಿತು. ಗೆದ್ದವರಿಗೆ 10 ಲಕ್ಷ ಡಾಲರ್. ಅದನ್ನು ಗೆದ್ದಿದ್ದು ಮಾತ್ರ ಸಾರಾ ಎರ್ರಾನಿ–ಆಂಡ್ರಿಯಾ ವವಾಸ್ಸೊರಿ, ಡಬಲ್ಸ್ ಆಡಿ ಪಳಗಿದ ಜೋಡಿ. ಫೈನಲ್‌ನಲ್ಲಿ ಸೋತವರು ಇಗಾ ಶ್ವಿಯಾಂಟೆಕ್–ಕ್ಯಾಸ್ಪರ್ ರೂಡ್. ಮೆಲ್ಬರ್ನ್‌ನಲ್ಲಿ ಬೋಪಣ್ಣನ ಎದುರು ಸೋತಿದ್ದ ಅದೇ ವವಾಸ್ಸೊರಿ. ಇಬ್ಬರು ಒಳ್ಳೆಯ ಆಟಗಾರರನ್ನು ಒಂದು ಬದಿಗೆ ನಿಲ್ಲಿಸಿದರೆ ಒಂದು ಒಳ್ಳೆಯ ಜೋಡಿ ಆಗಿಬಿಡಲ್ಲ. ನಮ್ಮ ಆಫೀಸುಗಳಲ್ಲಿ ಅಪ್ರೈಸಲ್ ಒಬ್ಬೊಬ್ಬರಿಗೇ ಪ್ರತ್ಯೇಕ, ಕೆಲಸ ಮಾತ್ರ ಯಾವತ್ತೂ ಒಬ್ಬರದ್ದಲ್ಲ. ಹಾಗಾಗಿ ಈ ಫಲಿತಾಂಶ ನೋಡಿ ನನಗೆ ಸ್ವಲ್ಪ ಹೆಚ್ಚೇ ಖುಷಿ ಆಯ್ತು.

ಡಬಲ್ಸ್ ಕೊಡೋ ಇನ್ನೊಂದು ವಿಷಯ ಸಮಯ. ಸಿಂಗಲ್ಸ್‌ನಲ್ಲಿ ಮೂವತ್ತೈದಕ್ಕೆ ಕಾಲು ನಿಲ್ಲುತ್ತೆ. ಡಬಲ್ಸ್‌ನಲ್ಲಿ ಓಟ ಕಡಿಮೆ. ಕೈಚಳಕ, ಊಹೆ, ಜೊತೆಗಾರನನ್ನು ಓದೋದು ಹೆಚ್ಚು. ವಯಸ್ಸು ಇವನ್ನು ಬೇಗ ಕಿತ್ತುಕೊಳ್ಳಲ್ಲ. 2018ರಲ್ಲಿ ಇಲ್ಲಿ ಲೂಕ್ ಸ್ಯಾವಿಲ್ ಜೊತೆ ಡಬಲ್ಸ್ ಗೆದ್ದ ಮ್ಯಾಕ್ಸ್ ಪರ್ಸೆಲ್, 2022ರಲ್ಲಿ ಎಬ್ಡೆನ್ ಜೊತೆ ವಿಂಬಲ್ಡನ್ ಗೆದ್ದರು, 2023ರಲ್ಲಿ ಮತ್ತೆ ಇಲ್ಲಿಗೇ ಬಂದು ಸಿಂಗಲ್ಸ್ ಗೆದ್ದರು. ಎಬ್ಡೆನ್ 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಜಾನ್ ಪಿಯರ್ಸ್ ಜೊತೆ ಚಿನ್ನ ಗೆದ್ದಾಗ 36 ವರ್ಷ. ಬೋಪಣ್ಣ 45 ದಾಟಿದ ಮೇಲೆ, 2025ರ ನವೆಂಬರ್ 1ರಂದು ನಿವೃತ್ತಿ ಹೇಳಿದರು.

ಮುಂದಿನ ಸಲ ಹೋಗೋರಿಗೆ

ಟೂರ್ನಿಯ ದಿನಾಂಕ, ಪ್ರವೇಶದ ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುತ್ತೆ, ಆ ವರ್ಷದ ಪ್ರಕಟಣೆ ನೋಡಿಕೊಳ್ಳಿ. ಸೋಮವಾರದಿಂದ ಬುಧವಾರದ ತನಕ ಸಣ್ಣ ಕೋರ್ಟುಗಳು, ಶನಿವಾರ ಬಹುತೇಕ ಡಬಲ್ಸ್ ಫೈನಲ್. ಮಧ್ಯಾಹ್ನ ಹೋದರೆ ಟೋಪಿ, ನೀರಿನ ಬಾಟಲಿ ಮರೀಬೇಡಿ. ಬೆಂಗಳೂರಿನ ಫೆಬ್ರವರಿ ಬಿಸಿಲು ಮೊದಲಿನ ಹಾಗಿಲ್ಲ. ಪಾಯಿಂಟ್ ನಡೆಯುವಾಗ ಎದ್ದು ಓಡಾಡಬೇಡಿ, ಫೋನ್ ಸೈಲೆಂಟ್ ಇರಲಿ. ಗೇಮ್ ಮುಗಿದು ಬದಿ ಬದಲಾಯಿಸುವಾಗ ಜಾಗ ಹುಡುಕಿಕೊಳ್ಳಿ.

ಮನೆಗೆ ಊರಿಂದ ಯಾರಾದರೂ ಬಂದಿದ್ದರೆ ಕರ್ಕೊಂಡು ಹೋಗಿ. ಟೆನಿಸ್ ಗೊತ್ತಿರಬೇಕಂತ ಏನೂ ಇಲ್ಲ. 15, 30, 40 ಯಾಕೆ ಅಂತ ಖಂಡಿತ ಕೇಳ್ತಾರೆ. ಉತ್ತರ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಹಿಂದಿನ ಸಾಲಿನಲ್ಲಿ ಕೂರಿಸಿ, ನೆಟ್ ಹತ್ತಿರ ನಿಂತವನ ಬೆನ್ನ ಹಿಂದಿನ ಬೆರಳುಗಳನ್ನು ತೋರಿಸಿ. ಮಿಕ್ಕಿದ್ದನ್ನು ಅವರೇ ನೋಡಿಕೊಳ್ತಾರೆ.